ಲಿನಕ್ಸ್‌ನಲ್ಲಿ ಹಾಡಿಗೂ ವಿಡಿಯೊಗೂ ಒಂದೇ ಲ್ಯಾಪ್‌ಟಾಪ್: ಯಾವುದನ್ನು ಕೊಳ್ಳಬೇಕು?

ಶಿವಮೊಗ್ಗದ ಹಳೆಯ ಮನೆಯೊಂದರ ನಡುಮನೆಯಲ್ಲಿ ದಾಸರ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೆವು. ಕಿಟಕಿಗೆ ಕಂಬಳಿ ಇಳಿಬಿಟ್ಟು, ಬಾಗಿಲಿಗೆ ಹಾಸಿಗೆ ಒರಗಿಸಿ, ಫ್ರಿಜ್ಜಿನ ಸ್ವಿಚ್ ತೆಗೆದು, ಸೀಲಿಂಗ್ ಫ್ಯಾನ್ ನಿಲ್ಲಿಸಿ ಬೆವರುತ್ತ ಕುಳಿತಿದ್ದೆವು. ಗಾಯಕಿ ಪಲ್ಲವಿ ಮುಗಿಸಿ ಚರಣದ ಮೆಲುದನಿಯ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್‌ನ ಫ್ಯಾನ್ ಎದ್ದಿತು. ಮೊದಲು ಉಸಿರು ಬಿಟ್ಟ ಹಾಗೆ, ಆಮೇಲೆ ಕುಕ್ಕರ್ ಕೂಗುವ ಮುಂಚೆ ಬುಸುಗುಡುವ ಹಾಗೆ. ಕಂಡೆನ್ಸರ್ ಮೈಕ್ ಯಾವ ಸದ್ದನ್ನೂ ಬಿಡುವುದಿಲ್ಲ. ಆ ಚರಣವನ್ನು ನಾಲ್ಕು ಸಲ ಹಾಡಿಸಿದೆವು. ನಾಲ್ಕನೆಯ ಸಲದ ಹಾಡಿನಲ್ಲಿ ಫ್ಯಾನಿನ ಸದ್ದಿರಲಿಲ್ಲ, ಮೊದಲ ಸಲದ ಭಾವವೂ ಇರಲಿಲ್ಲ.

ಆ ಲ್ಯಾಪ್‌ಟಾಪ್ ನಾನು ಅಲ್ಲಿಯವರೆಗೆ ಕೊಂಡವುಗಳಲ್ಲೆಲ್ಲ ದುಬಾರಿಯದು. ವಿಡಿಯೊ ಎಡಿಟಿಂಗ್ ಸಲೀಸಾಗಲಿ ಎಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ಹುಡುಕಿ ತಂದಿದ್ದೆ. ಹಾಡು ರೆಕಾರ್ಡ್ ಮಾಡಿ ಅದಕ್ಕೆ ವಿಡಿಯೊ ಕೂಡಿಸುವ ಕೆಲಸವನ್ನು ಲಿನಕ್ಸ್‌ನಲ್ಲೇ ಮಾಡಬೇಕೆನ್ನುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇವತ್ತಿಗೂ ಅದೇ: ಪ್ರೊಸೆಸರಿನಲ್ಲಿ ಎಷ್ಟು ಕೋರ್ (ಲೆಕ್ಕ ಮಾಡುವ ಘಟಕ) ಇರಬೇಕು, ಯಾವ ಕಾರ್ಡ್ ಇರಬೇಕು? ಈ ಪ್ರಶ್ನೆಯಿಂದ ಶುರುಮಾಡಿದರೆ ನನ್ನ ಹಾಗೆಯೇ ತಪ್ಪು ಯಂತ್ರ ತರುತ್ತೀರಿ.

ಧ್ವನಿಯ ಕೆಲಸ ತಾಳ ಹಾಕುವವನ ಕೆಲಸ. ಹೊರೆ ಹೆಚ್ಚಿಲ್ಲ, ಆದರೆ ಒಂದು ಪೆಟ್ಟೂ ತಪ್ಪುವಂತಿಲ್ಲ. ವಿಡಿಯೊ ಕೆಲಸ ಮೂಟೆ ಹೊರುವವನದು. ಹೊರೆ ದೊಡ್ಡದು, ಐದು ನಿಮಿಷ ತಡವಾದರೆ ಲೋಕ ಮುಳುಗುವುದಿಲ್ಲ. ಒಂದೇ ಯಂತ್ರದಲ್ಲಿ ಈ ಎರಡು ಗುಣಗಳು ಒಟ್ಟಿಗೆ ಸಿಗುವುದು ಕಷ್ಟ. ಮೂಟೆ ಹೊರುವ ಶಕ್ತಿಯಿರುವ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಸದ್ದು ಮಾಡುತ್ತದೆ. ಯಾವುದನ್ನು ಎಷ್ಟು ಬಿಟ್ಟುಕೊಡಲು ನೀವು ಸಿದ್ಧ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಧ್ವನಿಗೆ ಬೇಕಾದದ್ದು

ಲೆಕ್ಕ ಸರಳ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ, ಅಂದರೆ ಧ್ವನಿಯ ಅಷ್ಟು ಅಳತೆಗಳಂತೆ, ರೆಕಾರ್ಡ್ ಮಾಡುವಾಗ ಬಫರನ್ನು (ಒಮ್ಮೆಗೆ ಕೈಗೆತ್ತಿಕೊಳ್ಳುವ ತುಣುಕನ್ನು) 256ಕ್ಕೆ ಇಟ್ಟರೆ, ಆ ಒಂದು ತುಣುಕನ್ನು ಮುಗಿಸಲು ಲ್ಯಾಪ್‌ಟಾಪ್‌ಗೆ ಸಿಗುವ ಸಮಯ 5.3 ಮಿಲಿಸೆಕೆಂಡು. 128ಕ್ಕೆ ಇಳಿಸಿದರೆ 2.7. ಅಷ್ಟರೊಳಗೆ ಮುಗಿಸದಿದ್ದರೆ ಧ್ವನಿಯಲ್ಲಿ ಟಕ್ ಎಂಬ ಬಿರುಕು ಬೀಳುತ್ತದೆ. ಅದಕ್ಕೆ ಎಕ್ಸ್‌ರನ್ ಎನ್ನುತ್ತಾರೆ. ಮೈಕಿನಿಂದ ಒಳಗೆ ಬಂದು ಹೆಡ್‌ಫೋನಿಗೆ ಹೊರಗೆ ಹೋಗುವಷ್ಟರಲ್ಲಿ ಒಟ್ಟು ತಡ ಈ ಅಂಕಿಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಗಾಬರಿ ಬೇಡ. ಗಾಳಿಯಲ್ಲಿ ಒಂದು ಮೀಟರ್ ದಾಟಲು ಶಬ್ದಕ್ಕೆ ಸುಮಾರು 3 ಮಿಲಿಸೆಕೆಂಡು ಬೇಕು. ಕಛೇರಿಯಲ್ಲಿ ಮೂರು ಮೀಟರ್ ದೂರ ಕುಳಿತ ಮೃದಂಗದವರ ಪೆಟ್ಟು ಗಾಯಕಿಯ ಕಿವಿಗೆ 9 ಮಿಲಿಸೆಕೆಂಡು ತಡವಾಗಿಯೇ ಬರುತ್ತದೆ, ತಾಳ ಕೆಡುವುದಿಲ್ಲ. ಒಟ್ಟು ತಡ ಹತ್ತು ಹನ್ನೆರಡು ಮಿಲಿಸೆಕೆಂಡಿನೊಳಗೆ ಇದ್ದರೆ ಸಾಕು. 32 ಸ್ಯಾಂಪಲ್ ಬಫರಿನಲ್ಲಿ ಓಡಿಸಿದೆ ಎಂದು ಹೇಳಿಕೊಳ್ಳುವುದರಿಂದ ಹಾಡು ಚೆನ್ನಾಗುವುದಿಲ್ಲ.

ಮೊದಲೆಲ್ಲ ಲಿನಕ್ಸ್‌ನಲ್ಲಿ ಇಷ್ಟನ್ನು ಸಾಧಿಸಲು ಕರ್ನಲ್‌ಗೆ (ಲಿನಕ್ಸ್‌ನ ತಿರುಳು ತಂತ್ರಾಂಶಕ್ಕೆ) ಪ್ಯಾಚ್ ಹಾಕಿ, ಜ್ಯಾಕ್ ಎಂಬ ಧ್ವನಿ ಸರ್ವರ್ ಎಬ್ಬಿಸಿ, ಪಲ್ಸ್ ಆಡಿಯೊ ಎಂಬ ಇನ್ನೊಂದು ಧ್ವನಿ ವ್ಯವಸ್ಥೆಯ ಜೊತೆ ಜಗಳವಾಡಬೇಕಿತ್ತು. ಆ ಕಾಲ ಹೋಯಿತು. 2021ರಲ್ಲಿ ಲಿನಕ್ಸ್‌ನ ಒಂದು ರೂಪವಾದ ಫೆಡೋರಾ 34, ಆ ಎರಡರ ಕೆಲಸವನ್ನೂ ಮಾಡುವ ಪೈಪ್‌ವೈರ್ ಅನ್ನು ಮೂಲ ಧ್ವನಿ ವ್ಯವಸ್ಥೆಯಾಗಿ ತೆಗೆದುಕೊಂಡಿತು, ಇನ್ನೊಂದು ರೂಪವಾದ ಉಬುಂಟು 22.10 ಕೂಡ ಅದನ್ನೇ ಹಿಡಿಯಿತು. ಸುಮಾರು ಇಪ್ಪತ್ತು ವರ್ಷ ಹೊರಗೇ ಉಳಿದಿದ್ದ ರಿಯಲ್‌ಟೈಮ್ ಪ್ಯಾಚ್ (ಕೆಲಸ ಗಳಿಗೆ ತಪ್ಪದಂತೆ ನೋಡಿಕೊಳ್ಳುವ ತಿದ್ದುಪಡಿ) 2024ರ ನವೆಂಬರಿನಲ್ಲಿ ಬಂದ 6.12 ಕರ್ನಲ್‌ನಲ್ಲಿ ಮುಖ್ಯ ಕೋಡಿನೊಳಗೇ ಸೇರಿತು. ಧ್ವನಿ, ವಿಡಿಯೊ ಕೆಲಸಕ್ಕೆಂದೇ ಇರುವ ಉಬುಂಟು ಸ್ಟುಡಿಯೊ ಹಾಕಿ, ರೆಕಾರ್ಡಿಂಗ್ ತಂತ್ರಾಂಶಗಳಾದ ಆರ್ಡರ್ (Ardour) ಅಥವಾ ರೀಪರ್ ತೆರೆದರೆ ಅರ್ಧ ಗಂಟೆಯಲ್ಲಿ ರೆಕಾರ್ಡಿಂಗ್ ಶುರುಮಾಡಬಹುದು.

ಈಗ ಉಳಿದಿರುವ ತೊಡಕೆಲ್ಲ ಯಂತ್ರದ್ದೇ. ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ (ಯಂತ್ರದೊಳಗೇ ಬರೆದಿಟ್ಟ ತಂತ್ರಾಂಶ) ಬ್ಯಾಟರಿ, ಬಿಸಿ, ಫ್ಯಾನ್ ನೋಡಿಕೊಳ್ಳಲೆಂದು ಪ್ರೊಸೆಸರನ್ನು ಆಗಾಗ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಕರ್ನಲ್‌ಗೆ ತನ್ನನ್ನು ನಿಲ್ಲಿಸಲಾಗಿದೆ ಎಂಬುದೂ ತಿಳಿಯುವುದಿಲ್ಲ. ಯಾವ ರಿಯಲ್‌ಟೈಮ್ ಕರ್ನಲ್ ಹಾಕಿದರೂ ಇದನ್ನು ತಡೆಯಲಾಗದು. ಕೆಲವು ವೈಫೈ ಡ್ರೈವರ್‌ಗಳೂ ಇದೇ ಕಾಟ ಕೊಡುತ್ತವೆ, ಆದರೆ ರೆಕಾರ್ಡಿಂಗ್ ಹೊತ್ತಿಗೆ ವೈಫೈ ಆರಿಸಿಡಬಹುದು. ಫರ್ಮ್‌ವೇರನ್ನು ಆರಿಸಲಾಗುವುದಿಲ್ಲ. ಇದು ಯಾವ ಜಾಹೀರಾತಿನಲ್ಲೂ, ಯಾವ ವಿವರಪಟ್ಟಿಯಲ್ಲೂ ಇರುವುದಿಲ್ಲ.

ಕೋರ್‌ಗಳ ಸಂಖ್ಯೆಗೆ ಜನ ಕೊಡುವ ಮಹತ್ವ ಹೆಚ್ಚಾಯಿತು. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಕೂತಿರುವ ಪ್ಲಗಿನ್‌ಗಳು (ದನಿಯನ್ನು ತಿದ್ದುವ ಪುಟ್ಟ ತಂತ್ರಾಂಶಗಳು) ಒಂದರ ಹಿಂದೆ ಒಂದರಂತೆ ಓಡಬೇಕು, ಒಂದರ ಉತ್ತರ ಬರುವವರೆಗೆ ಇನ್ನೊಂದು ಕಾಯಬೇಕು. ಹದಿನಾರು ಕೋರ್ ಇದ್ದರೂ ಆ ಸಾಲನ್ನು ಹದಿನಾರು ಜನ ಹಂಚಿಕೊಳ್ಳಲಾರರು. ಒಂದೊಂದು ಕೋರೂ ಎಷ್ಟು ಚುರುಕು, ಬಿಸಿಯಾದ ಮೇಲೂ ಆ ಚುರುಕು ಉಳಿಯುತ್ತದೆಯೇ ಎಂಬುದೇ ಮುಖ್ಯ. ಎಂಟು ಮೈಕ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡುವುದು ಹತ್ತು ವರ್ಷ ಹಳೆಯ ಯಂತ್ರಕ್ಕೂ ಭಾರವಲ್ಲ. ಮಿಕ್ಸಿಂಗ್ ಭಾರ, ಆದರೆ ಆಗ ಮೈಕ್ ಆಫ್ ಆಗಿರುತ್ತದೆ, ಬಫರನ್ನು 1024ಕ್ಕೆ ಏರಿಸಬಹುದು, ಫ್ಯಾನ್ ಎಷ್ಟಾದರೂ ಕೂಗಲಿ.

ವಿಡಿಯೊಗೆ ಬೇಕಾದದ್ದು

ಇಲ್ಲಿ ನಿಮ್ಮ ಕ್ಯಾಮೆರಾ ಏನನ್ನು ಬರೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಲ್ಯಾಪ್‌ಟಾಪ್ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಕ್ಯಾಮೆರಾದ ಒಂದು ಫೈಲನ್ನು, ಅದರ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದು ಎರಡು ಸಂಗತಿ ಬರೆದುಕೊಳ್ಳಿ: ಕೋಡೆಕ್ (ವಿಡಿಯೊವನ್ನು ಒತ್ತಿ ಕಿರಿದಾಗಿಸುವ ವಿಧಾನ) ಯಾವುದು, ಬಣ್ಣದ ಮಾದರಿ 4:2:0 ಆಗಿದೆಯೇ, ಬಣ್ಣದ ವಿವರ ಹೆಚ್ಚಿರುವ 4:2:2 ಆಗಿದೆಯೇ.

ಮೊಬೈಲಿನಲ್ಲಿ ಸಾಮಾನ್ಯವಾಗಿ ತೆಗೆಯುವ ವಿಡಿಯೊ 4:2:0. ಇದನ್ನು ಈಚಿನ ಯಾವ ಇಂಟೆಲ್, ಎಎಂಡಿ, ಎನ್ವಿಡಿಯಾ ಚಿಪ್ ಆದರೂ ಬೆವರದೆ ಬಿಚ್ಚುತ್ತದೆ. ಸೋನಿ, ಕ್ಯಾನನ್‌ಗಳ ಈಚಿನ ಕ್ಯಾಮೆರಾಗಳಲ್ಲಿ ಬಣ್ಣ ತಿದ್ದಲು ಅನುಕೂಲವಾಗಲೆಂದು ಬಹಳ ಜನ ಆರಿಸಿಕೊಳ್ಳುವುದು 10 ಬಿಟ್ 4:2:2 ಎಚ್‌ಇವಿಸಿ (ಎಚ್.265 ಎಂಬುದೂ ಇದೇ ಕೋಡೆಕ್). ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. 11ನೇ ತಲೆಮಾರಿನಿಂದ ಈಚಿನ ಇಂಟೆಲ್ ಪ್ರೊಸೆಸರ್‌ಗಳ ಒಳಗಿರುವ ಸಾಧಾರಣ ಗ್ರಾಫಿಕ್ಸ್ ಈ ಫೈಲನ್ನು ಪ್ರೊಸೆಸರಿಗೆ ಹೊರೆಯಾಗದಂತೆ ಹಾರ್ಡ್‌ವೇರಿನಲ್ಲೇ ಬಿಚ್ಚುತ್ತದೆ. ಎನ್ವಿಡಿಯಾದಲ್ಲಿ ಈ ಸಾಮರ್ಥ್ಯ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಆರ್‌ಟಿಎಕ್ಸ್ 4060 ಇರುವ ಎಎಂಡಿ ಗೇಮಿಂಗ್ ಲ್ಯಾಪ್‌ಟಾಪ್ ತಡವರಿಸುವ ಫೈಲನ್ನು, ಅದರ ಅರ್ಧ ಬೆಲೆಯ, ಬೇರೆ ಕಾರ್ಡೇ ಇಲ್ಲದ ಇಂಟೆಲ್ ಲ್ಯಾಪ್‌ಟಾಪ್ ಎಂಪಿವಿ ಪ್ಲೇಯರಿನಲ್ಲಿ ನೀರು ಕುಡಿದಷ್ಟು ಸುಲಭವಾಗಿ ಓಡಿಸಿಬಿಡುತ್ತದೆ.

ಆದರೂ ಪ್ರಾಕ್ಸಿ ಎಂಬ ಉಪಾಯವನ್ನು ಮರೆಯಬಾರದು. ಕೆಡೆನ್‌ಲೈವ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶ ಪ್ರತಿ ಕ್ಲಿಪ್ಪಿಗೂ ಒಂದು ಹಗುರ ಪ್ರತಿ ಮಾಡಿಟ್ಟುಕೊಂಡು, ಎಡಿಟ್ ಮಾಡುವಾಗ ಅದನ್ನು ತೋರಿಸಿ, ಕೊನೆಯ ರೆಂಡರ್ ಮಾಡುವಾಗ ಮೂಲ ಫೈಲನ್ನು ಬಳಸುತ್ತದೆ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಗ್ಗೆ ಆರು ವರ್ಷ ಹಳೆಯ ಲ್ಯಾಪ್‌ಟಾಪ್‌ನಲ್ಲೂ 4ಕೆ ಎಡಿಟ್ ಮಾಡಬಹುದು. ವಿಡಿಯೊದ ಮೂಟೆಯನ್ನು ಹೀಗೆ ರಾತ್ರಿಗೆ ದೂಡಬಹುದು, ಗಾಯಕಿಯ ಒಂದು ಒಳ್ಳೆಯ ಚರಣವನ್ನು ಯಾವ ರಾತ್ರಿಗೂ ದೂಡಲಾಗುವುದಿಲ್ಲ. ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗಿ ಬಂದರೆ ನಾನು ವಿಡಿಯೊ ವೇಗವನ್ನೇ ಬಿಡುವುದು ಈ ಕಾರಣಕ್ಕೆ.

ಮೊಬೈಲ್ ವಿಡಿಯೊ ಬಳಸುವವರಿಗೆ ಒಂದು ಕಿವಿಮಾತು. ಮೊಬೈಲುಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ನಿಯಮ ಪಾಲಿಸುವುದಿಲ್ಲ, ಬೆಳಕಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡುತ್ತವೆ. ಬೇರೆಯಾಗಿ ರೆಕಾರ್ಡ್ ಮಾಡಿದ ಹಾಡನ್ನು ಅಂಥ ವಿಡಿಯೊಗೆ ಕೂಡಿಸಿದರೆ ಮೊದಲ ಚರಣದಲ್ಲಿ ತುಟಿಗೂ ದನಿಗೂ ಹೊಂದುತ್ತದೆ, ಮೂರನೆಯ ಚರಣದ ಹೊತ್ತಿಗೆ ತಪ್ಪಿರುತ್ತದೆ. ಅಂಥ ಫೈಲ್ ಹಾಕಿದಾಗ ಕೆಡೆನ್‌ಲೈವ್ ಎಚ್ಚರಿಸಿ, ಬದಲಾಯಿಸಿಕೊಡಲೇ ಎಂದು ಕೇಳುತ್ತದೆ. ಹೌದು ಎನ್ನಿ. ಇದು ಲ್ಯಾಪ್‌ಟಾಪ್‌ನ ದೋಷವಲ್ಲ, ಹೊಸ ಯಂತ್ರ ಕೊಂಡರೂ ಹೋಗುವುದಿಲ್ಲ.

ಡಾವಿಂಚಿ ರಿಸಾಲ್ವ್ ಬೇಕೇ ಬೇಕೆ?

ರಿಸಾಲ್ವ್ ವಿಡಿಯೊ ಎಡಿಟಿಂಗಿಗೆ, ಬಣ್ಣ ತಿದ್ದಲು ಬಳಸುವ ಇನ್ನೊಂದು ತಂತ್ರಾಂಶ. ಈ ಪ್ರಶ್ನೆಗೆ ನಿಮ್ಮ ಉತ್ತರ ಹೌದು ಎಂದಾದರೆ ಆಯ್ಕೆಯ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ರಿಸಾಲ್ವ್ ಲಿನಕ್ಸ್‌ನಲ್ಲಿ ಓಡುತ್ತದೆ, ದೊಡ್ಡ ಸ್ಟುಡಿಯೊಗಳು ಅಲ್ಲೇ ಓಡಿಸುತ್ತವೆ. ಆದರೆ ಅದನ್ನು ಮಾಡುವ ಕಂಪನಿ ಕಣ್ಣ ಮುಂದೆ ಇಟ್ಟುಕೊಂಡಿರುವುದು ರಾಕಿ ಎಂಬ ಲಿನಕ್ಸ್ ರೂಪ ಮತ್ತು ಎನ್ವಿಡಿಯಾ ಕಾರ್ಡ್ ಇರುವ ಯಂತ್ರ. ಇಂಟೆಲ್ ಒಳಗ್ರಾಫಿಕ್ಸ್ ನೆಚ್ಚಿಕೊಂಡು ಅದನ್ನು ಹಾಕಬೇಡಿ. ಎಎಂಡಿಯಲ್ಲಿ ರಾಕ್‌ಎಂ (ಗ್ರಾಫಿಕ್ಸ್ ಚಿಪ್ಪಿನಿಂದ ಲೆಕ್ಕ ಮಾಡಿಸುವ ತಂತ್ರಾಂಶ) ಹಾಕಿ ಓಡಿಸುವವರಿದ್ದಾರೆ, ಅದಕ್ಕೆ ತಾಳ್ಮೆ ಬೇಕು.

ಹೊಸಬರು ಎಡವುವುದು ಇನ್ನೊಂದು ಕಡೆ. ರಿಸಾಲ್ವ್‌ನ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಫೈಲುಗಳನ್ನು ತೆರೆಯುವುದಿಲ್ಲ. ಮೊಬೈಲಿನ ವಿಡಿಯೊ ಟೈಮ್‌ಲೈನಿಗೆ ಎಳೆದರೆ ಚಿತ್ರವೇ ಇರುವುದಿಲ್ಲ. 295 ಡಾಲರ್ ಕೊಟ್ಟು ಸ್ಟುಡಿಯೊ ಆವೃತ್ತಿ ತೆಗೆದುಕೊಂಡರೆ ಚಿತ್ರ ಬರುತ್ತದೆ, ಆದರೆ ಎಎಸಿ ಎಂಬ ಒತ್ತಿದ ಧ್ವನಿಯ ತೊಡಕು ಲಿನಕ್ಸ್ ಆವೃತ್ತಿಯನ್ನು ಮೊದಲಿನಿಂದ ಕಾಡುತ್ತ ಬಂದಿದೆ. ಹಾಗಾಗಿ ಎಲ್ಲವನ್ನೂ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ಬಳಸಿ ಎಡಿಟಿಂಗ್‌ಗೆ ಒಗ್ಗುವ ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗೆ, ಧ್ವನಿಯನ್ನು ಒತ್ತದೆ ಬರೆಯುವ ಪಿಸಿಎಂಗೆ ಬದಲಾಯಿಸಿಕೊಳ್ಳುವುದು ರೂಢಿ. ಇದರ ಬೆಲೆ ಡಿಸ್ಕಿನಲ್ಲಿ ಕಾಣುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆಯುವ ಕ್ಯಾಮೆರಾದ ಒಂದು ಗಂಟೆಯ 4ಕೆ ವಿಡಿಯೊ 45 ಜಿಬಿ. ಬದಲಾಯಿಸಿದ ಮೇಲೆ, ಉತ್ತಮ ಗುಣಮಟ್ಟ ಆರಿಸಿಕೊಂಡರೆ, ಅದೇ ಒಂದು ಗಂಟೆ 300 ಜಿಬಿ ಮೀರುತ್ತದೆ. ರಿಸಾಲ್ವ್ ಬೇಕೆನ್ನುವವರು 2 ಟಿಬಿ ಎಸ್‌ಎಸ್‌ಡಿ ಮತ್ತು ಇನ್ನೊಂದು ಎಸ್‌ಎಸ್‌ಡಿ ಹಾಕಲು ಎರಡನೆಯ ಎಂ.2 ಸ್ಲಾಟ್ ಇರುವ ಲ್ಯಾಪ್‌ಟಾಪನ್ನೇ ನೋಡಬೇಕು.

ಕನ್ನಡದಲ್ಲಿ ಶೀರ್ಷಿಕೆ, ಸಾಹಿತ್ಯದ ಸಾಲು ಹಾಕುವ ನಮಗೆ ಕೆಡೆನ್‌ಲೈವ್ ಸಾಕು ಎಂಬುದು ನನ್ನ ಅಭಿಪ್ರಾಯ. ಅದು ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನ ಮೇಲೆ ಕಟ್ಟಿದ ತಂತ್ರಾಂಶ. ಅಕ್ಷರ ಜೋಡಣೆಯನ್ನು ಅದರೊಳಗಿನ ಹಾರ್ಫ್‌ಬಜ್ ನೋಡಿಕೊಳ್ಳುವುದರಿಂದ 'ಕೀರ್ತನೆ'ಯ ಅರ್ಕಾವೊತ್ತು, 'ಸ್ತ್ರೀ'ಯ ಎರಡು ಒತ್ತು ತಮ್ಮ ಜಾಗದಲ್ಲೇ ಕೂರುತ್ತವೆ. ಗುಬ್ಬಿ, ನವಿಲು, ನೋಟೊ ಕನ್ನಡ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲೇ ಸಿಗುತ್ತವೆ. ಸಿನಿಮಾ ಮಟ್ಟದ ಬಣ್ಣ ತಿದ್ದುವ ಕೆಲಸ ನಿಮ್ಮದಲ್ಲವೆಂದಾದರೆ ರಿಸಾಲ್ವ್ ಬಿಡಿ. ಅದರ ಜೊತೆಗೆ ಎನ್ವಿಡಿಯಾ ಕಾರ್ಡು, ಅದರ ಬಿಸಿ, ಅದರ ಸದ್ದು, ಅದರ ಬೆಲೆ ಎಲ್ಲವನ್ನೂ ಬಿಟ್ಟಂತಾಗುತ್ತದೆ.

ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಕಚೇರಿ ಬಳಕೆಗೆಂದು ಮಾಡಿದ ಲ್ಯಾಪ್‌ಟಾಪ್‌ಗಳು ನನ್ನ ಮೊದಲ ಆಯ್ಕೆ: ಲೆನೊವೊ ಥಿಂಕ್‌ಪ್ಯಾಡ್ ಟಿ ಮತ್ತು ಪಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್. ನೋಡಲು ಬೋಳುಬೋಳಾಗಿರುತ್ತವೆ. ಆದರೆ ಇವು ಲಿನಕ್ಸ್ ಓಡಿಸುವ ಕಂಪನಿಗಳಿಗೂ ಮಾರಾಟವಾಗುವುದರಿಂದ ಡ್ರೈವರ್‌ಗಳು ಕರ್ನಲ್‌ನಲ್ಲೇ ಇರುತ್ತವೆ. ಲೆನೊವೊ 2020ರಲ್ಲಿ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಅನ್ನು ಫೆಡೋರಾ ಹಾಕಿಯೇ ಮಾರಲು ಶುರುಮಾಡಿತು. ಈ ಬಗೆಯ ಬಹುತೇಕ ಯಂತ್ರಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಕೂಡ ಎಫ್‌ಡಬ್ಲ್ಯುಅಪ್‌ಡಿ ಎಂಬ ತಂತ್ರಾಂಶದ ಮೂಲಕ ಲಿನಕ್ಸ್ ಒಳಗಿಂದಲೇ ಆಗುತ್ತದೆ. ಅದಕ್ಕಾಗಿ ವಿಂಡೋಸ್ ಉಳಿಸಿಕೊಳ್ಳಬೇಕಿಲ್ಲ.

ಕಡಿಮೆ ಹಣದಲ್ಲಿ ಧ್ವನಿಯೇ ಮುಖ್ಯ ಎನ್ನುವವರಿಗೆ 2018ರ ಥಿಂಕ್‌ಪ್ಯಾಡ್ ಟಿ480 ಇವತ್ತಿಗೂ ಒಳ್ಳೆಯ ಯಂತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಂಪನಿಗಳಿಂದ ಬಂದ ಹಳೆಯ ಥಿಂಕ್‌ಪ್ಯಾಡ್‌ಗಳು ಸಿಗುತ್ತವೆ. ಟಿ480ಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಬ್ಯಾಟರಿ ಎರಡು: ಒಂದು ಒಳಗೆ, ಒಂದು ಹಿಂದೆ. ಹಿಂದಿನದನ್ನು ಯಂತ್ರ ಆರಿಸದೆಯೇ ಬದಲಾಯಿಸಬಹುದು. ಶಿವಮೊಗ್ಗದ ಆ ಮನೆಗೆ ನಾನು ಎರಡನೆಯ ಸಲ ಹೋದದ್ದು ಇದನ್ನು ಹಿಡಿದುಕೊಂಡು. ಮಧ್ಯಾಹ್ನ ಕರೆಂಟ್ ಹೋಯಿತು, ಆರು ಪದ ಮುಗಿಯುವವರೆಗೂ ಬರಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. ಇದರ ಮಿತಿಯನ್ನೂ ಹೇಳಬೇಕು. 4:2:2 ಫೈಲನ್ನು ಇದು ಹಾರ್ಡ್‌ವೇರಿನಲ್ಲಿ ಬಿಚ್ಚಲಾರದು, ವಿಡಿಯೊಗೆ ಪ್ರಾಕ್ಸಿ ಇಲ್ಲದೆ ಗತಿಯಿಲ್ಲ.

ಹೊಸದನ್ನೇ ಕೊಳ್ಳುವವರಿಗೆ ಇಂಟೆಲ್ಲೋ ಎಎಂಡಿಯೋ ಎಂಬ ಪ್ರಶ್ನೆ. ಧ್ವನಿಯ ದೃಷ್ಟಿಯಿಂದ ನನ್ನ ಒಲವು ಎಎಂಡಿ ಕಡೆಗೆ. 12ನೇ ತಲೆಮಾರಿನಿಂದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಚುರುಕು ಕೋರ್, ಮಿತವ್ಯಯದ ಕೋರ್ ಎಂದು ಎರಡು ಬಗೆ. ಬಫರ್ ಕಿರಿದಾಗಿದ್ದಾಗ ಧ್ವನಿಯ ಕೆಲಸ ಮಿತವ್ಯಯದ ಕೋರಿನ ಪಾಲಿಗೆ ಬಿದ್ದರೆ ಎಕ್ಸ್‌ರನ್ ಬರುವ ಸಾಧ್ಯತೆ ಹೆಚ್ಚು. ಅದನ್ನು ಚುರುಕು ಕೋರಿಗೇ ಕಟ್ಟಿಹಾಕಲು ದಾರಿಗಳಿವೆ, ಆದರೆ ಅದೊಂದು ಹೆಚ್ಚುವರಿ ಕೆಲಸ. ರೈಜನ್ 7 7840ಯು ಥರದ ಚಿಪ್‌ನಲ್ಲಿ ಎಂಟು ಕೋರ್‌ಗಳೂ ಒಂದೇ ಬಗೆಯವು, ಒಳಗಿನ ರೇಡಿಯಾನ್ 780ಎಂ ಗ್ರಾಫಿಕ್ಸ್ ಕೆಡೆನ್‌ಲೈವ್‌ಗೆ ಧಾರಾಳವಾಗಿ ಸಾಕು. ಮೊಬೈಲಿನಲ್ಲೋ 4:2:0 ಬರೆಯುವ ಕ್ಯಾಮೆರಾದಲ್ಲೋ ಚಿತ್ರೀಕರಿಸುವವರು ಕಣ್ಣು ಮುಚ್ಚಿ ಇದನ್ನು ತೆಗೆದುಕೊಳ್ಳಬಹುದು. 4:2:2 ಎಚ್‌ಇವಿಸಿ ಬರೆಯುವ ಕ್ಯಾಮೆರಾ ಇರುವವರಿಗೆ ಮೇಲೆ ಹೇಳಿದ ಕಾರಣಕ್ಕೆ ಇಂಟೆಲ್ಲೇ ಸರಿ. ಎಎಂಡಿ ತೆಗೆದುಕೊಂಡು ಫೆಡೋರಾ ಹಾಕುವವರು ಒಂದು ಸಂಗತಿ ನೆನಪಿಡಬೇಕು. 2022ರಲ್ಲಿ ಬಂದ ಫೆಡೋರಾ 37ರಿಂದ ಎಚ್.264, ಎಚ್.265 ಹಾರ್ಡ್‌ವೇರ್ ಸೌಲಭ್ಯವನ್ನು ಪೇಟೆಂಟ್ ಕಾರಣಕ್ಕೆ ಅದರ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್‌ನಿಂದ ತೆಗೆದುಹಾಕಲಾಗಿದೆ. ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಬೇರೆ ಡ್ರೈವರ್ ಹಾಕಿಕೊಳ್ಳುವವರೆಗೆ ವಿಡಿಯೊದ ಹೊರೆಯೆಲ್ಲ ಪ್ರೊಸೆಸರ್ ಮೇಲೇ ಬೀಳುತ್ತದೆ, ಜನ ಯಂತ್ರವನ್ನು ಬೈಯುತ್ತಾರೆ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನು ನೋಡದೆ ದುಡ್ಡು ಕೊಡಬೇಡಿ. 'ಯು' ಎಂದಿದ್ದರೆ ಕಡಿಮೆ ವಿದ್ಯುತ್ತು, ಕಡಿಮೆ ಬಿಸಿ, ಕಡಿಮೆ ಸದ್ದು. 'ಎಚ್', 'ಎಚ್‌ಎಸ್', 'ಎಚ್‌ಎಕ್ಸ್' ಎಂದಿದ್ದರೆ ಶಕ್ತಿ ಹೆಚ್ಚು, ಸದ್ದೂ ಹೆಚ್ಚು. ಮೈಕ್ ಇರುವ ಕೋಣೆಯಲ್ಲೇ ಲ್ಯಾಪ್‌ಟಾಪೂ ಇರುವ ನಮ್ಮಂಥವರಿಗೆ 'ಯು' ಸರಿ. ಬೇರೆ ಕಂಟ್ರೋಲ್ ರೂಮ್ ಇರುವವರಿಗೆ ಈ ಚಿಂತೆ ಇಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ರಿಸಾಲ್ವ್‌ಗೆ, ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್‌ಗೆ ಹೇಳಿ ಮಾಡಿಸಿದ್ದು. ಕೊಟ್ಟ ಹಣಕ್ಕೆ ಸಿಗುವ ಶಕ್ತಿಯಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಎನ್ವಿಡಿಯಾ 2022ರಿಂದ ತನ್ನ ಕರ್ನಲ್ ಭಾಗವನ್ನು ಮುಕ್ತವಾಗಿ ಕೊಡುತ್ತಿರುವುದರಿಂದ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಅದರ ಮುಂದಿನ ಕಾರ್ಡುಗಳ ವಿಷಯದಲ್ಲಿ ಹಳೆಯ ಗೋಳು ಬಹಳ ಕಡಿಮೆಯಾಗಿದೆ. ಆದರೆ ಆ ಡ್ರೈವರ್ ರಿಯಲ್‌ಟೈಮ್ ಕರ್ನಲ್ ಕಂಡರೆ ಅದಕ್ಕೆ ಕೂಡಿಕೊಳ್ಳಲು ಒಪ್ಪುವುದಿಲ್ಲ, ಒತ್ತಾಯಿಸಿ ಹಾಕಬೇಕು. ಒಂದೇ ಯಂತ್ರದಲ್ಲಿ ಧ್ವನಿ, ವಿಡಿಯೊ ಎರಡೂ ಬೇಕೆನ್ನುವವರಿಗೆ ತಗಲುವ ಮುಳ್ಳು ಇದೇ. ಸಾಮಾನ್ಯ ಕರ್ನಲ್ ಇಟ್ಟುಕೊಂಡು 256ರ ಬಫರಿಗೆ ತೃಪ್ತಿಪಟ್ಟರೆ ಎರಡೂ ನಡೆಯುತ್ತದೆ. ಇಂಥ ಲ್ಯಾಪ್‌ಟಾಪ್ ತೆಗೆದುಕೊಳ್ಳುವುದಾದರೆ ದೊಡ್ಡ ಕಾರ್ಡನ್ನು ಪೂರ್ತಿ ಆರಿಸಿ ಒಳಗ್ರಾಫಿಕ್ಸ್‌ನಲ್ಲಷ್ಟೇ ಓಡಿಸಲು ಬರುವುದನ್ನೇ ಆರಿಸಿ. ರೆಕಾರ್ಡಿಂಗ್ ಹೊತ್ತಿಗೆ ಹಾಗೆ ಮಾಡಿ, ವಿದ್ಯುತ್ ಮಿತಿಯನ್ನೂ ಇಳಿಸಿದರೆ ಫ್ಯಾನ್ ಸಾಕಷ್ಟು ತಣ್ಣಗಿರುತ್ತದೆ. ಶಿವಮೊಗ್ಗದ ಆ ದಿನ ನನಗೆ ಇಷ್ಟು ಗೊತ್ತಿದ್ದಿದ್ದರೆ ಆ ಚರಣ ಉಳಿಯುತ್ತಿತ್ತು.

ಫ್ಯಾನೇ ಇಲ್ಲದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಆಪಲ್ ಚಿಪ್‌ಗಳಿಗೆಂದು ಮಾಡಿದ ಅಸಾಹಿ ಲಿನಕ್ಸ್ ಹಾಕಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಮೌನದ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ, ಆರ್ಡರ್ ಚೆನ್ನಾಗಿ ಓಡುತ್ತದೆ. ಆದರೆ ಪ್ರೊಸೆಸರ್ ಬೇರೆ ಜಾತಿಯದಾದ್ದರಿಂದ ಇಂಟೆಲ್ ಮಾದರಿಗೆಂದು ಮಾಡಿದ ಪ್ಲಗಿನ್‌ಗಳು ನಡೆಯುವುದಿಲ್ಲ, ರಿಸಾಲ್ವ್ ಇಲ್ಲ, ವಿಡಿಯೊವನ್ನು ಹಾರ್ಡ್‌ವೇರಿನಲ್ಲಿ ಬಿಚ್ಚುವ ಸೌಲಭ್ಯ ಇನ್ನೂ ಕೈಗೆ ಬಂದಿಲ್ಲ. ಈಗಾಗಲೇ ಮನೆಯಲ್ಲಿ ಇದ್ದರೆ ರೆಕಾರ್ಡಿಂಗ್‌ಗೆ ಬಳಸಿ. ಇದಕ್ಕೆಂದೇ ಕೊಳ್ಳಬೇಡಿ.

ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಫ್ರೇಮ್‌ವರ್ಕ್, ಡೆನ್ವರ್‌ನ ಸಿಸ್ಟಮ್76, ಜರ್ಮನಿಯ ಟುಕ್ಸೆಡೊ ಎಂಬ ಆಯ್ಕೆಗಳಿವೆ. ಲಿನಕ್ಸ್ ಬಗ್ಗೆ ಕೇಳಿದರೆ ಉತ್ತರ ಕೊಡುವ ಕಂಪನಿಗಳು ಇವು. ಊರಲ್ಲಿ ಇರುವವರಿಗೆ ನನ್ನ ಸಲಹೆ ಬೇರೆ. ಕೆಟ್ಟರೆ ಹತ್ತಿರದ ಪಟ್ಟಣದಲ್ಲಿ ಬಿಚ್ಚಿ ನೋಡುವವರು ಸಿಗಬೇಕು, ಬ್ಯಾಟರಿ ಸಿಗಬೇಕು.

ವಿವರಪಟ್ಟಿಯಲ್ಲಿ ಕಾಣದವು

ಚಾರ್ಜರ್ ಬಗ್ಗೆ ಯಾರೂ ಹೇಳುವುದಿಲ್ಲ. ಅಲ್ಯೂಮಿನಿಯಂ ಮೈಯ ಲ್ಯಾಪ್‌ಟಾಪನ್ನು ಎರಡು ಪಿನ್ನಿನ ಚಾರ್ಜರಿಗೆ ಸಿಕ್ಕಿಸಿ, ಮುಂಗೈಯನ್ನು ಅದರ ಅಂಚಿನ ಮೇಲೆ ಹಗುರವಾಗಿ ಸವರಿದರೆ ಜುಮುಜುಮು ಎನ್ನುತ್ತದೆ. ಅದೇ ಸೋರಿಕೆ ಯುಎಸ್‌ಬಿ ತಂತಿ ಹಿಡಿದು ಆಡಿಯೊ ಇಂಟರ್‌ಫೇಸಿಗೆ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆಗೆ) ಹೋಗಿ ವೀಣೆಯ ಪಿಕಪ್ಪಿನಲ್ಲಿ ಗುಂಯ್ ಎಂದು ಕೇಳುತ್ತದೆ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಮೂರು ಪಿನ್ನಿನ ಚಾರ್ಜರಿಂದಲೂ ಪ್ರಯೋಜನವಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡುವುದೇ ಖಚಿತ ಪರಿಹಾರ. ಆದ್ದರಿಂದ ಬ್ಯಾಟರಿಯ ಅಂಕಿ ನಿಮಗೆ ಬರೀ ಅನುಕೂಲದ ವಿಷಯವಲ್ಲ. ರೆಕಾರ್ಡಿಂಗ್ ವೇಳೆ 12 ವಾಟ್ ಬಳಸುವ ಯಂತ್ರಕ್ಕೆ 57 ವಾಟ್‌ಅವರ್ ಬ್ಯಾಟರಿ ಇದ್ದರೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ಬರುತ್ತದೆ.

ಇಂಟರ್‌ಫೇಸ್ ಯುಎಸ್‌ಬಿ ಕ್ಲಾಸ್ ಕಂಪ್ಲಯಂಟ್ ಆಗಿದ್ದರೆ, ಅಂದರೆ ಯುಎಸ್‌ಬಿ ಧ್ವನಿಯ ಸಾಮಾನ್ಯ ಮಾನಕವನ್ನು ಪಾಲಿಸಿದರೆ, ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ ಎಂಬ ಇಂಟರ್‌ಫೇಸಿನ ಒಳಗಿನ ಮಿಕ್ಸರನ್ನು ನಿಯಂತ್ರಿಸುವ ಡ್ರೈವರ್ ಕರ್ನಲ್‌ನಲ್ಲೇ ಇದೆ. ಬರೆದವರು ಜೆಫ್ರಿ ಬೆನೆಟ್. ಥಂಡರ್‌ಬೋಲ್ಟ್ ಇಂಟರ್‌ಫೇಸ್‌ಗಳ ಆಸೆ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ಇಂಟರ್‌ಫೇಸಿಗೆಂದೇ ಒಂದು ಯುಎಸ್‌ಬಿ ತೂತು ಮೀಸಲಿರಲಿ, ಹಬ್ ಮೂಲಕ ಬೇಡ.

ಪರದೆಯ ವಿವರದಲ್ಲಿ '45% ಎನ್‌ಟಿಎಸ್‌ಸಿ' (ಪರದೆ ತೋರಬಲ್ಲ ಬಣ್ಣಗಳ ಅಳತೆ) ಎಂದು ಕಂಡರೆ ಬಣ್ಣದ ಕೆಲಸಕ್ಕೆ ಅದು ಆಗದು. ರೇಷ್ಮೆ ಸೀರೆಯ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುತ್ತದೆ, ನೀವು ತಿದ್ದುತ್ತೀರಿ, ನೋಡುವವರ ಮೊಬೈಲಿನಲ್ಲಿ ಅದು ಉರಿಯುತ್ತದೆ. 100% ಎಸ್‌ಆರ್‌ಜಿಬಿ ಇರುವುದನ್ನು ತೆಗೆದುಕೊಳ್ಳಿ. ಇಲ್ಲವೇ ಆ ಹಣ ಉಳಿಸಿ ಒಳ್ಳೆಯ ಮಾನಿಟರ್ ಇಟ್ಟುಕೊಳ್ಳಿ. ರ‍್ಯಾಮ್ ಬೆಸುಗೆ ಹಾಕಿದ್ದಾದರೆ ಕೊಳ್ಳುವಾಗಲೇ 32 ಜಿಬಿ, ಸ್ಲಾಟ್ ಇದ್ದರೆ 16 ಸಾಕು, ಆಮೇಲೆ ಏರಿಸಬಹುದು. ಧ್ವನಿಗೆ ಡಿಸ್ಕ್ ಚಿಂತೆ ಬೇಡ: ಆರ್ಡರ್ 32 ಬಿಟ್‌ನಲ್ಲಿ ಬರೆದರೂ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 690 ಎಂಬಿ.

ದುಡ್ಡು ಕೊಡುವ ಮುಂಚೆ

ಉಬುಂಟು ಸ್ಟುಡಿಯೊ ಅಥವಾ ಫೆಡೋರಾ ಇರುವ ಪೆನ್‌ಡ್ರೈವ್, ನಿಮ್ಮ ಇಂಟರ್‌ಫೇಸ್, ಹೆಡ್‌ಫೋನ್, ನಿಮ್ಮ ಕ್ಯಾಮೆರಾದ ಎರಡು ಫೈಲ್ ಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ವೈಫೈ ಸಿಗುತ್ತದೆಯೇ, ಯಂತ್ರದ ಸ್ಪೀಕರ್ ದನಿ ಬರುತ್ತದೆಯೇ ನೋಡಿ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸಿರಸ್ ಲಾಜಿಕ್ ಆಂಪ್ಲಿಫೈಯರ್ ಚಿಪ್ ಇದ್ದು, ಕರ್ನಲ್ ಹಳೆಯದಾಗಿದ್ದರೆ ಸ್ಪೀಕರ್ ಮೂಗನಾಗಿಬಿಡುತ್ತದೆ. ಕ್ಯಾಮೆರಾದ ಫೈಲನ್ನು ಎಂಪಿವಿಯಲ್ಲಿ ಓಡಿಸಿ, ಪ್ರೊಸೆಸರ್ ಬಳಕೆ ಎಷ್ಟು ಏರಿತು ಗಮನಿಸಿ. ಪೆನ್‌ಡ್ರೈವ್‌ನಿಂದ ಓಡುವ ಲೈವ್ ಫೆಡೋರಾದಲ್ಲಿ ಕೋಡೆಕ್ ಇರುವುದಿಲ್ಲ, ಈ ಪರೀಕ್ಷೆಗೆ ಉಬುಂಟು ಸ್ಟುಡಿಯೊ ಮೇಲು. ಇಂಟರ್‌ಫೇಸ್ ಸಿಕ್ಕಿಸಿ ಬಫರನ್ನು 128ಕ್ಕೆ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿ, ಆ ಹೊತ್ತಿನಲ್ಲಿ ಪರದೆಯ ಬೆಳಕು ಏರಿಸಿ ಇಳಿಸಿ, ಚಾರ್ಜರ್ ಹಾಕಿ ತೆಗೆಯಿರಿ. ಫರ್ಮ್‌ವೇರ್ ಅಡ್ಡಬರುವ ಯಂತ್ರವಾದರೆ ಎಕ್ಸ್‌ರನ್ ಬರುವುದು ಸರಿಯಾಗಿ ಆಗಲೇ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಿರಿ. ಎದ್ದರೆ ಸರಿ, ಮುಟ್ಟಿದರೆ ಬಿಸಿಯಿದ್ದರೆ ಅದು ನಿದ್ದೆ ಮಾಡಿರಲಿಲ್ಲ ಎಂದರ್ಥ, ಚೀಲದೊಳಗೆ ಬ್ಯಾಟರಿ ತಿನ್ನುತ್ತದೆ.

ಕೊನೆಗೆ ಅಂಗಡಿಯ ಸದ್ದಿನ ನಡುವೆಯೂ ಕಿವಿಯನ್ನು ಕೀಬೋರ್ಡ್ ಹತ್ತಿರ ತಂದು ಒಂದು ನಿಮಿಷ ಸುಮ್ಮನೆ ಕೇಳಿ. ಅಂಗಡಿಯವರು ಪೆನ್‌ಡ್ರೈವ್ ಹಾಕಲು ಬಿಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗಿ.